ಇಗರ್ಜಿಯ ಮಾಡಿನ ಮೇಲೆ ನಿಂತ ಹುಡುಗಿ

ತೊಂಬತ್ತೆಂಟರ ನವೆಂಬರಿನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ನೇಸಾ ದೆರುಂಗ್ಸ್ ಹಳೆಯ ಫೋಟೋ ನೆಗೆಟಿವಿನ ಗಾಜಿನ ಪ್ಲೇಟೊಂದನ್ನು ತನ್ನ ಅಂಗಡಿಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಏನೂ ಹೇಳಲಿಲ್ಲ. ಅದರ ಕಾಗದದ ಚೀಲಕ್ಕೆ ಮತ್ತೆ ತೂರಿಸಿ ಪಕ್ಕಕ್ಕಿಟ್ಟಳು.

ನಾನು ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಚಿತ್ರಗಳಿಗೆ ಅಡಿಬರಹ ಬರೆಯುತ್ತಿದ್ದೆ. ಬೆಳಗಿನಿಂದ ಅವಳು ಅರುವತ್ತು ಪ್ಲೇಟಾದರೂ ನೋಡಿದ್ದಳು, ಪ್ರತಿಯೊಂದಕ್ಕೂ ಒಂದು ಮಾತು ಸೇರಿಸಿದ್ದಳು. ಈ ಮೀಸೆಯವನು ಅಂಚೆಯವನು, ಈ ಹೆಂಗಸು ಆಮೇಲೆ ಅರ್ಜೆಂಟೀನಾಕ್ಕೆ ಹೋದಳು, ಈ ಕುದುರೆಗೆ ಒಂದು ಕಣ್ಣಿರಲಿಲ್ಲ. ಇದೊಂದಕ್ಕೆ ಮಾತೇ ಇಲ್ಲವಲ್ಲ ಎಂದು ತಲೆಯೆತ್ತಿ ಏನದು ಅಂತ ಕೇಳಿದೆ. ಕೆಟ್ಟುಹೋಗಿದೆ ಅಂದಳು. ಚೀಲದ ಮೇಲೆ ಅವಳ ಅಪ್ಪನ ಪೆನ್ಸಿಲ್ ಬರಹ ನನಗೆ ಕಾಣುತ್ತಿತ್ತು: ಮಾರ್ಚ್ ೧೯೪೫. ಅದರ ಕೆಳಗೆ ಎರಡು ಗೆರೆ ಎಳೆದು, ‘ಮುದ್ರಿಸಬಾರದು.’

ಅವಳ ಅಪ್ಪ ಲುರೆನ್ ದೆರುಂಗ್ಸ್ ಆಲ್ಪ್ಸ್ ಬೆಟ್ಟಗಳ ನಡುವಿನ ನಮ್ಮ ಪ್ರಾದಿರಾ ಊರಿನ ಮೊದಲ ಫೋಟೋಗ್ರಾಫರ್. ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ. ಚಳಿಗಾಲದಲ್ಲಿ ಸ್ಕೀ ಮಾಡಲು ಬಂದವರ ಚಿತ್ರ ತೆಗೆದು ಅದೇ ಸಂಜೆ ಹೋಟೆಲಿಗೆ ತಲುಪಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ರೈಲು ನಿಲ್ದಾಣದ ಪಕ್ಕದ ಅಂಗಡಿ ನೇಸಾಳದಾಯಿತು. ಅವಳು ಮದುವೆಯಾಗಲಿಲ್ಲ. ಆಗಬಹುದಾಗಿದ್ದ ಒಬ್ಬನಿದ್ದ. ಅವನು ಕೆಳಗಿನ ಕಣಿವೆಗೆ ಬಾ ಅಂದ, ಇವಳು ಇಲ್ಲೇ ಇರು ಅಂದಳು, ಮಾತು ಅಲ್ಲಿಗೇ ನಿಂತಿತು. ತಂಗಿ ಸತ್ತಾಗ ಅವಳ ಏಳು ವರ್ಷದ ಮಗ ಪ್ಲಾಸಿಯನ್ನು ತಂದು ಸಾಕಿದಳು. ಹುಡುಗನ ಅಪ್ಪ ಸುರಂಗದ ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದ. ನಾನು ಪಕ್ಕದ ಕಣಿವೆಯಿಂದ ಇಲ್ಲಿಗೆ ಮೇಷ್ಟ್ರಾಗಿ ಬಂದದ್ದು ಅರುವತ್ನಾಲ್ಕರಲ್ಲಿ. ಪ್ಲಾಸಿ ನನ್ನ ಮೊದಲ ತರಗತಿಯ ಹುಡುಗರಲ್ಲಿ ಒಬ್ಬ. ಲೆಕ್ಕದಲ್ಲಿ ಚುರುಕು, ಜಗಳದಲ್ಲಿ ಇನ್ನೂ ಚುರುಕು.

ಆ ಪ್ಲಾಸಿ ಈಗ ಊರಿನ ಪಂಚಾಯಿತಿಯ ಅಧ್ಯಕ್ಷ. ಪ್ಲೌನ್ ಬಯಲಿನಲ್ಲಿ ಪಟ್ಟಣದ ಶಾಲಾಮಕ್ಕಳು ಬಂದು ವಾರ ಉಳಿದು ಸ್ಕೀ ಕಲಿಯಲೆಂದು ದೊಡ್ಡ ಮನೆಯೊಂದನ್ನು ಕಟ್ಟಿಸಿದ್ದ. ಡಿಸೆಂಬರಿನಲ್ಲಿ ಅದರ ಉದ್ಘಾಟನೆ. ಆ ದಿನಕ್ಕೆ ಊರಿನ ಸ್ಕೀ ಚರಿತ್ರೆಯನ್ನು ಹಳೆಯ ಚಿತ್ರಗಳಲ್ಲಿ ಹೇಳುವ ಪುಸ್ತಕ ಬೇಕು ಅಂದ. ಚಿತ್ರ ಆರಿಸಲು ದೊಡ್ಡಮ್ಮ, ಬರೆಯಲು ನಾನು.

ಚಿತ್ರಗಳಿಗೇನೂ ಕೊರತೆ ಇರಲಿಲ್ಲ. ಮೊದಲನೆಯದು ೧೯೦೩ರದು, ಯಾರೋ ಪ್ರವಾಸಿ ತೆಗೆದುಕೊಟ್ಟದ್ದು: ಇಬ್ಬರು ಅಂಚೆಯವರು ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ನಿಂತಿದ್ದಾರೆ, ಹಿಂದೆ ಊರಿಗೆ ಊರೇ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದೆ. ಆಮೇಲೆ ಟೈ ಕಟ್ಟಿಕೊಂಡು ಸ್ಕೀ ಮಾಡುವ ಇಂಗ್ಲಿಷರು. ಮೂವತ್ತರ ದಶಕದಲ್ಲಿ ಭಾನುವಾರದ ಕೋಟು ತೊಟ್ಟು ಸಾಲಾಗಿ ನಿಂತ ಹದಿನಾಲ್ಕು ಜನ ರೈತರು. ಆ ಸಾಲು ಚಳಿಗಾಲ ಮುಗಿಯುವುದರೊಳಗೆ ಸ್ಕೀ ಮೇಷ್ಟ್ರುಗಳ ಸಾಲಾಯಿತು. ನಲವತ್ತಾರರಲ್ಲಿ, ಸ್ಕೀಯವರನ್ನು ಬೆಟ್ಟಕ್ಕೆ ಎಳೆದೊಯ್ಯುವ ಮೊದಲ ಲಿಫ್ಟಿಗೆ ಬೆನ್ನ ಮೇಲೆ ಸಿಮೆಂಟು ಹೊತ್ತು ಹತ್ತುವ ಹೆಂಗಸರು. ಆಲೂಗಡ್ಡೆ ಬೆಳೆಯುತ್ತಿದ್ದ ಹೊಲ ಒಂದು ಚಿತ್ರದಲ್ಲಿ; ಅದೇ ಹೊಲ, ಕಾರುಗಳು ತುಂಬಿಕೊಂಡು, ಇನ್ನೊಂದರಲ್ಲಿ. ಎಪ್ಪತ್ತೈದರಲ್ಲಿ ಬೆಟ್ಟದ ನೆತ್ತಿಯ ಮೇಲೆ ಹಿಮ ಜಾರದಂತೆ ಉಕ್ಕಿನ ತಡೆಬೇಲಿ ನೆಡುವ ಇಟಲಿಯ ಕೂಲಿಗಳು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಊಟ ಮಾಡುತ್ತಿದ್ದಾರೆ. ಎಲ್ಲ ಚಿತ್ರದಲ್ಲೂ ಜನ ನಗುತ್ತಿದ್ದರು. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮಾರನೆಯ ದಿನ ನೇಸಾ ನನ್ನನ್ನು ಮನೆಗೆ ಕರೆದಳು. ಕಾಫಿ ಕೊಡಲಿಲ್ಲ. ಬೆಳಕಿನ ಪೆಟ್ಟಿಗೆಯ ಮೇಲೆ ಆ ಪ್ಲೇಟು ಇಟ್ಟು, “ನೋಡಿ ಮೇಷ್ಟ್ರೇ” ಅಂದಳು.

ಪ್ಲೇಟಿನಲ್ಲಿ ಹಿಮವೆಲ್ಲ ಕರ್ರಗೆ, ಜನರ ಕಪ್ಪು ಕೋಟುಗಳು ತಿಳಿಯಾಗಿ ಕಾಣುತ್ತವೆ. ಹತ್ತಿಪ್ಪತ್ತು ಜನ ಒಂದು ದಿಬ್ಬದ ಮೇಲೆ ಸಲಿಕೆ ಹಿಡಿದು ನಿಂತಿದ್ದರು. ದಿಬ್ಬದೊಳಗಿಂದ ಮುರಿದ ಮರದ ಬೇರು, ಒಂದು ಕೊಟ್ಟಿಗೆಯ ಬಾಗಿಲು ಹೊರಚಾಚಿಕೊಂಡಿತ್ತು. ನಡುವೆ ಒಬ್ಬಳು ಪುಟ್ಟ ಹುಡುಗಿ. ಅವಳ ಮೊಣಕಾಲಿನ ಪಕ್ಕದಲ್ಲಿ ಒಂದು ಕಬ್ಬಿಣದ ಶಿಲುಬೆ. ಆ ಶಿಲುಬೆ ಯಾವುದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅದು ಸಂತ ರೋಕರ ಪುಟ್ಟ ಇಗರ್ಜಿಯ ಮಾಡಿನ ತುದಿಯ ಶಿಲುಬೆ. ಹುಡುಗಿ ನಿಂತದ್ದು ಇಗರ್ಜಿಯ ಮೇಲೆ. ಇಗರ್ಜಿ ಪೂರ್ತಿ ಹಿಮದೊಳಗಿತ್ತು.

ಆ ಇಗರ್ಜಿ ಇರುವುದು ಪ್ಲೌನ್ ಬಯಲಿನ ಕೆಳ ಅಂಚಿನಲ್ಲಿ. ಮಕ್ಕಳ ಹೊಸ ಮನೆ ಇರುವುದು ಅದಕ್ಕಿಂತ ನೂರೈವತ್ತು ಹೆಜ್ಜೆ ಮೇಲೆ, ಬೆಟ್ಟದ ಕಡೆಗೆ.

“ಆ ಹುಡುಗಿ ನಾನು,” ಅಂದಳು ನೇಸಾ. “ಹಿಮ ಎಷ್ಟು ಎತ್ತರ ಅಂತ ಗೊತ್ತಾಗ್ಲಿ ಅಂತ ಅಪ್ಪ ಅಲ್ಲಿ ನಿಲ್ಲಿಸಿದ್ರು. ಒಂಬತ್ತು ವರ್ಷ ನನಗೆ.”

ಉಳಿದದ್ದನ್ನು ಅವಳು ನಿಂತುಕೊಂಡೇ ಹೇಳಿದಳು. ಆ ಮಾರ್ಚಿನಲ್ಲಿ ಸ್ತ್ರೆಚಾ ಕೊರಕಲಿನಿಂದ ಬಂದ ಹಿಮಕುಸಿತ ಬಯಲನ್ನು ದಾಟಿ ಇಗರ್ಜಿಯನ್ನು ಮುಚ್ಚಿತ್ತು. ಯಾರೂ ಸಾಯಲಿಲ್ಲ, ಒಂದು ಕೊಟ್ಟಿಗೆ, ಒಂಬತ್ತು ಆಡು. ಮುಂದಿನ ವರ್ಷ ಲಿಫ್ಟು ಬರುವುದಿತ್ತು, ಯುದ್ಧ ಮುಗಿದು ಅತಿಥಿಗಳು ಮತ್ತೆ ಬರುವವರಿದ್ದರು. ಹೋಟೆಲಿನವರು ಮೂರು ಜನ ಅಂಗಡಿಗೆ ಬಂದು, ಇದನ್ನು ಯಾರಿಗೂ ತೋರಿಸಬೇಡ, ಊರಿಗೇ ಕೇಡು ಎಂದು ಅವಳ ಅಪ್ಪನ ಕೈ ಹಿಡಿದು ಕೇಳಿಕೊಂಡರು. ಅವನು ಮಾತು ಕೊಟ್ಟ. ಪ್ಲೇಟು ಒಡೆಯಲು ಮನಸ್ಸು ಬರಲಿಲ್ಲ, ಬರೆದಿಟ್ಟ. ಊರವರು ಆಮೇಲೆ ಬಯಲಿಗೆ ಒಂದಿಷ್ಟು ಹಿಮ ಬಂದಿತ್ತು ಅನ್ನತೊಡಗಿದರು. ಆಮೇಲೆ ಬಯಲಿನ ಅಂಚಿಗೆ ಅಂದರು. ಪ್ರತಿ ಚಳಿಗಾಲಕ್ಕೂ ಆ ಹಿಮ ಒಂದಿಷ್ಟು ಹಿಂದಕ್ಕೆ ಸರಿಯಿತು. ನಾನು ಈ ಊರಿಗೆ ಬರುವ ಹೊತ್ತಿಗೆ ಅದು ಕೊರಕಲಿನ ಬಾಯಲ್ಲೇ ನಿಂತುಬಿಟ್ಟಿತ್ತು.

ಇಷ್ಟೇ ಆಗಿದ್ದರೆ ಅಪ್ಪನ ತಪ್ಪು ಅನ್ನಬಹುದಿತ್ತು. ಎಪ್ಪತ್ನಾಲ್ಕರಲ್ಲಿ, ಹಿಮಕುಸಿತ ಎಲ್ಲೆಲ್ಲಿಗೆ ಬರಬಹುದೆಂದು ಬಣ್ಣದಲ್ಲಿ ತೋರಿಸುವ ಅಪಾಯದ ನಕ್ಷೆ ಬರೆಯಲು ಒಬ್ಬ ಎಂಜಿನಿಯರು ಬಂದ. ಒಳ್ಳೆಯ ಮನುಷ್ಯ, ಅಂಗಡಿಯ ಬಾಗಿಲಲ್ಲಿ ಬೂಟು ಒರೆಸಿಕೊಂಡು ಒಳಬಂದ ಎಂದಳು ನೇಸಾ. ಹಳೆಯ ಹಿಮಕುಸಿತಗಳ ಚಿತ್ರ ಇದ್ದರೆ ಕೊಡಿ ಎಂದು ಕೇಳಿದ. ಅವಳು ಹನ್ನೊಂದು ಚಿತ್ರ ಕೊಟ್ಟಳು. ಇದನ್ನು ಕೊಡಲಿಲ್ಲ. ಅವನು ಬರೆದ ನಕ್ಷೆಯಲ್ಲಿ ಪ್ಲೌನ್ ಬಯಲಿಗೆ ಬಣ್ಣ ಬೀಳಲಿಲ್ಲ. ಬಣ್ಣವಿಲ್ಲದ ಜಾಗದಲ್ಲಿ ಮನೆ ಕಟ್ಟಬಹುದು.

ಯಾಕೆ ಕೊಡಲಿಲ್ಲ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. “ಅಪ್ಪ ಮಾತು ಕೊಟ್ಟಿದ್ರು ಅಂತ ಇಪ್ಪತ್ತೈದು ವರ್ಷ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ಅಂಗಡಿ ನಡೀಬೇಕಾಗಿತ್ತು ಮೇಷ್ಟ್ರೇ. ಹೆದರಿದವರು ಪೋಸ್ಟ್‌ಕಾರ್ಡ್ ಕೊಳ್ಳಲ್ಲ.”

ಆ ಮಧ್ಯಾಹ್ನವೇ ಅವಳು ಪ್ಲಾಸಿಯ ಕಚೇರಿಗೆ ಹೋದಳು. ಸಾಕ್ಷಿಗೆ ಎಂಬಂತೆ ನನ್ನನ್ನೂ ಕರೆದುಕೊಂಡು ಹೋದಳು. ಈ ಚಿತ್ರ ಪುಸ್ತಕದಲ್ಲಿ ಬರಬೇಕು, ನಕ್ಷೆಯವರಿಗೂ ಹೋಗಬೇಕು ಅಂದಳು. ಎಪ್ಪತ್ನಾಲ್ಕರ ಕಥೆಯನ್ನೂ ಮುಚ್ಚಿಡದೆ ಹೇಳಿದಳು. ಪ್ಲಾಸಿ ಪ್ಲೇಟನ್ನು ಬಹಳ ಹೊತ್ತು ನೋಡಿದ. ಅವನು ಕೆಟ್ಟವನಲ್ಲ. ಆ ಮನೆಗಾಗಿ ಆರು ವರ್ಷ ಓಡಾಡಿದ್ದ. ಊರಿನ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದದ್ದು ಅವನಿಗೆ ನನಗಿಂತ ಹೆಚ್ಚು ಚುಚ್ಚುತ್ತಿತ್ತು.

“ದೊಡ್ಡಮ್ಮ, ಆಗ ಮೇಲೆ ಬೇಲಿ ಇರ್ಲಿಲ್ಲ. ಈಗ ನಾಲ್ಕು ಸಾಲು ಉಕ್ಕಿನ ಬೇಲಿ ಇದೆ,” ಅಂದ.

“ಗೊತ್ತು ಕಣೋ. ಅವನ್ನ ನೆಟ್ಟವರ ಚಿತ್ರ ತೆಗೆದವಳು ನಾನೇ.”

“ಮತ್ತೆ? ಮನೆ ಎದ್ದು ನಿಂತಾಗಿದೆ. ಕಿಟಕಿಗೆ ಪರದೆ ಕೂಡ ಕಟ್ಟಿಯಾಗಿದೆ.”

“ನಕ್ಷೆಯವರು ನೋಡ್ಲಿ. ಅವರೇ ಹೇಳ್ತಾರೆ.”

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಬೆನ್ನು ತಿರುಗಿಸಿಕೊಂಡೇ ಮೆಲ್ಲಗೆ ಹೇಳಿದ: “ಎಪ್ಪತ್ನಾಲ್ಕರಲ್ಲಿ ಯಾಕೆ ಬಚ್ಚಿಟ್ಟೆ ಅಂತ ಜನ ಕೇಳಲ್ವಾ? ತಾತನ ಹೆಸರು ಏನಾಗುತ್ತೆ? ನಿನ್ನನ್ನ ಈ ಬೀದೀಲಿ ಯಾರು ಮಾತಾಡಿಸ್ತಾರೆ ಹೇಳು.”

ಅವಳು ನಂಬಿ ಹೇಳಿದ್ದನ್ನೇ ಅವನು ತಿರುಗಿಸಿ ಹಿಡಿದಿದ್ದ. ನೇಸಾಳ ಮುಖ ಕೆಂಪಾಯಿತು. ನಾನಾದರೂ ಆಗ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅವಳು ಪ್ಲೇಟನ್ನು ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಪುಸ್ತಕ ಆ ಚಿತ್ರವಿಲ್ಲದೆ ಅಚ್ಚಾಯಿತು; ಪ್ಲೇಟು ನಕ್ಷೆಯವರಿಗೂ ಹೋಗಲಿಲ್ಲ. ೧೯೪೫ರ ಪುಟದಲ್ಲಿ ನಾನು, ಯುದ್ಧ ಮುಗಿದ ಸಂತೋಷದಲ್ಲಿ ಊರು ಹೊಸ ದಿನಗಳಿಗೆ ಸಿದ್ಧವಾಯಿತು ಎಂದು ಬರೆದೆ. ಆ ಸಾಲು ಓದಿದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಉದ್ಘಾಟನೆಯ ದಿನ ಬಿಸಿಲಿತ್ತು. ಪಾದ್ರಿ ಮನೆಗೆ ಆಶೀರ್ವಾದ ಮಾಡಿದರು, ಬ್ಯಾಂಡಿನವರು ಬಾರಿಸಿದರು. ನೇಸಾ ಬಂದಿದ್ದಳು. ಬೆಟ್ಟದ ಕಡೆ ಬೆನ್ನು ಹಾಕದೆ ಗೋಡೆಗೆ ಒರಗಿ ನಿಂತಿದ್ದಳು.

ಜನವರಿಯ ಕೊನೆಯಿಂದ ಹಿಮ ಸುರಿಯತೊಡಗಿತು. ಆ ವರ್ಷದ ಹಿಮವನ್ನು ಆಲ್ಪ್ಸ್ ಬೆಟ್ಟಗಳಲ್ಲಿ ಯಾರೂ ಮರೆತಿಲ್ಲ. ಒಂದು ಸುತ್ತು ಬಿದ್ದು ನಿಂತಿತು, ಇನ್ನೊಂದು ಸುತ್ತು ಬಿತ್ತು. ಫೆಬ್ರವರಿಯಲ್ಲಿ ಮೂರನೆಯದು ಒಂದು ಶನಿವಾರ ಶುರುವಾಗಿ ನಿಲ್ಲಲೇ ಇಲ್ಲ. ಭಾನುವಾರ ಕೆಳಗಿನ ರಸ್ತೆ ಮುಚ್ಚಿತು, ರೈಲು ನಿಂತಿತು. ಯಾರೂ ಊರೊಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಹೋಟೆಲುಗಳು ತುಂಬಿದ್ದವು. ಪ್ಲೌನ್ ಬಯಲಿನ ಮನೆಯಲ್ಲಿ ಮೂವತ್ತೆಂಟು ಮಕ್ಕಳು, ನಾಲ್ವರು ಶಿಕ್ಷಕರು, ಅಡುಗೆಯ ಮಾರ್ಗ್ರೆತಾ.

ಸೋಮವಾರ ಬೆಳಿಗ್ಗೆ ನೇಸಾ ಪ್ಲೇಟನ್ನು ಟವಲಿನಲ್ಲಿ ಸುತ್ತಿಕೊಂಡು ನನ್ನ ಬಾಗಿಲು ತಟ್ಟಿದಳು. ಇಬ್ಬರೂ ಸೊಂಟದುದ್ದದ ಹಿಮದಲ್ಲಿ ದಾರಿ ಮಾಡಿಕೊಂಡು ಬಾಲ್ಟ್ಸರನ ಗುಡಿಸಲಿಗೆ ಹೋದೆವು. ಬಾಲ್ಟ್ಸರ್ ನಮ್ಮೂರಿನ ಹಿಮ ಕಾಯುವವನು; ಯಾವ ಇಳಿಜಾರು ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ಹೇಳುವುದು ಅವನ ಕೆಲಸ. ಎರಡು ದಿನದಿಂದ ಗಡ್ಡ ಹೆರೆದಿರಲಿಲ್ಲ. ಮೇಲಿನ ಬೇಲಿಗಳು ತುದಿಯವರೆಗೆ ಮುಚ್ಚಿಹೋಗಿವೆ, ಇನ್ನು ಬಿದ್ದ ಹಿಮಕ್ಕೆ ಅಲ್ಲಿ ಬೇಲಿ ಇದ್ದೂ ಇಲ್ಲದಂತೆ ಎಂದ. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ತಂದು ಸಿಡಿಮದ್ದು ಹಾಕಿ ಹಿಮ ಇಳಿಸುವಂತಿಲ್ಲ. ಆದರೆ ಪ್ಲೌನ್ ನಕ್ಷೆಯಲ್ಲಿಲ್ಲ, ಅಲ್ಲಿನವರನ್ನು ಎಬ್ಬಿಸಿ ಎಂದು ಹೇಳುವ ಅಧಿಕಾರ ತನಗಿಲ್ಲ ಎಂದ.

ನೇಸಾ ಟವಲು ಬಿಚ್ಚಿದಳು. ಬಾಲ್ಟ್ಸರ್ ಪ್ಲೇಟನ್ನು ದೀಪಕ್ಕೆ ಹಿಡಿದ. ಶಿಲುಬೆಯನ್ನು ಗುರುತಿಸಲು ನನ್ನಷ್ಟು ಹೊತ್ತು ಅವನಿಗೆ ಬೇಕಾಗಲಿಲ್ಲ.

“ಇಷ್ಟು ವರ್ಷ ಎಲ್ಲಿತ್ತು ಇದು, ನೇಸಕ್ಕ?”

“ನನ್ನ ಹತ್ರ.”

ಅವನು ಪ್ಲೇಟನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಟ್ಟ. ಕೋಟು ಹಾಕಿಕೊಂಡ.

ಪಂಚಾಯಿತಿ ಕಚೇರಿಯಲ್ಲಿ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಬಾಲ್ಟ್ಸರ್ ಎರಡೇ ಮಾತಿನಲ್ಲಿ ಹೇಳಿದ: ಮಕ್ಕಳನ್ನು ಈಗಲೇ ಹೊರಡಿಸಬೇಕು. ಪ್ಲಾಸಿ ಕೈಯಿಂದ ಮುಖ ಉಜ್ಜಿಕೊಂಡ. ಎಲ್ಲಿಡಲಿ ಮೂವತ್ತೆಂಟು ಮಕ್ಕಳನ್ನು ಎಂದ. ಇಂಥ ಹಿಮದಲ್ಲಿ ನಡೆಸಿಕೊಂಡು ಬರುವುದೇ ಹೆಚ್ಚು ಅಪಾಯ ಎಂದ. ತೆರೆದು ಎರಡು ತಿಂಗಳಾಗಿಲ್ಲ, ಮನೆ ಖಾಲಿ ಮಾಡಿಸಿದರು ಎಂದು ಸಂಜೆಯ ರೇಡಿಯೋದಲ್ಲಿ ಬರುತ್ತದೆ, ಇನ್ನು ಯಾವ ಶಾಲೆ ಮಕ್ಕಳನ್ನು ಕಳಿಸುತ್ತದೆ ಎಂದ. ಸಂಜೆವರೆಗೆ ನೋಡೋಣ ಎಂಬಲ್ಲಿಗೆ ಬಂದು ನಿಂತ.

ನೇಸಾ ವಾದ ಮಾಡಲಿಲ್ಲ. ಪ್ಲೇಟನ್ನು ಅವನ ಮೇಜಿನ ಮೇಲೇ ಬಿಟ್ಟಳು. “ಸರಿ, ನಾನು ಅಲ್ಲೇ ಹೋಗಿ ಕೂತಿರ್ತೀನಿ,” ಅಂದು ಹೊರಟಳು.

ಅದು ಬೆದರಿಕೆ ಎಂದುಕೊಂಡ ಪ್ಲಾಸಿ. ನಾನೂ ಹಾಗೇ ಅಂದುಕೊಂಡೆ. ಅವಳು ಬೀದಿ ದಾಟಿ ಬಯಲಿನ ದಾರಿಗೆ ತಿರುಗಿದಾಗಲೇ ಗೊತ್ತಾದದ್ದು. ಅರುವತ್ತೆರಡು ವರ್ಷದ ಹೆಂಗಸನ್ನು ಒಬ್ಬಳೇ ಬಿಡಲಾರದೆ ಹಿಂದೆ ಹೋದೆ. ಬಯಲಿನಲ್ಲಿ ದಾರಿ ಗುರುತಿನ ಮುಂದಿನ ಕಂಬ ಕಾಣುತ್ತಿರಲಿಲ್ಲ. ಎಡಗಡೆ ಎಲ್ಲೋ ಕೊರಕಲು ಇತ್ತು, ಅದೂ ಕಾಣುತ್ತಿರಲಿಲ್ಲ. ಹಿಮ ಬೀಳುವಾಗ ಇಷ್ಟು ನಿಶ್ಶಬ್ದ ಇರುತ್ತದಲ್ಲ, ನನ್ನ ಉಸಿರೇ ನನಗೆ ಜೋರಾಗಿ ಕೇಳುತ್ತಿತ್ತು. ನಾಲ್ಕು ಸಲ ನಿಂತು ಕಿವಿಗೊಟ್ಟೆ. ಅವಳು ಒಂದು ಸಲವೂ ನಿಲ್ಲಲಿಲ್ಲ.

ಮನೆಯೊಳಗೆ ಮಕ್ಕಳು ಊಟದ ಕೋಣೆಯಲ್ಲಿ ಇಸ್ಪೀಟು ಆಡುತ್ತಿದ್ದರು. ನೇಸಾ ಯಾರನ್ನೂ ಹೆದರಿಸಲಿಲ್ಲ. ಅಡುಗೆಮನೆಯಿಂದ ಮಾರ್ಗ್ರೆತಾಳ ಆಲೂಗಡ್ಡೆಯ ಬುಟ್ಟಿ ತಂದು ಕಿಟಕಿಯ ಬಳಿ ಕೂತು ಸುಲಿಯತೊಡಗಿದಳು. ನನ್ನ ಕೈಗೂ ಒಂದು ಚಾಕು ಕೊಟ್ಟಳು. ಮುಕ್ಕಾಲು ಗಂಟೆ ಕಳೆದಿರಬೇಕು, ಪ್ಲಾಸಿ ಬಂದ. ಹುಬ್ಬಿನವರೆಗೆ ಹಿಮ.

“ಎದ್ದೇಳು ದೊಡ್ಡಮ್ಮ. ಮಕ್ಕಳ ಮುಂದೆ ನಾಟಕ ಬೇಡ.”

“ನಾಟಕ ಏನಪ್ಪ? ಆಲೂಗಡ್ಡೆ ಸುಲೀತಿದೀನಿ.”

“ಇಲ್ಲಿಗೆ ಏನೂ ಬರಲ್ಲ. ನಕ್ಷೆ ಹೇಳುತ್ತೆ.”

“ಹಾಗಾದ್ರೆ ಕೂತ್ಕೊ. ನಿನ್ನ ಹೆಂಡ್ತೀನೂ ಮಗಳನ್ನೂ ಕರ್ಕೊಂಡು ಬಾ. ಹಿಮ ನಿಲ್ಲೋವರೆಗೂ ಎಲ್ಲರೂ ಇಲ್ಲೇ ಇರೋಣ. ಈ ಮಕ್ಕಳ ಅಪ್ಪ ಅಮ್ಮ ಇಲ್ಲಿಲ್ಲ, ನಾವಾದ್ರೂ ಇರೋಣ.”

ಅವನು ಕಿಟಕಿಯಾಚೆ ನೋಡಿದ, ಅಲ್ಲಿ ಬಿಳಿಯಲ್ಲದೆ ಏನೂ ಇರಲಿಲ್ಲ. ಮಕ್ಕಳ ಶಿಕ್ಷಕಿಯೊಬ್ಬಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಏನು ವಿಷಯ ಎಂದು ಕೇಳಿದಳು. ಪ್ಲಾಸಿ ಟೋಪಿ ತೆಗೆದು ಕೊಡವಿದ. ಸಾಮಾನು ಕಟ್ಟಿಸಿ ಎಂದ.

ಬಾಲ್ಟ್ಸರ್ ಮತ್ತವನ ಜನ ಹಗ್ಗ ಹಿಡಿದು ಐದೈದು ಮಕ್ಕಳನ್ನು ಒಟ್ಟಿಗೆ ದಾಟಿಸಿದರು. ಒಂದು ಗುಂಪು ದಾಟುವವರೆಗೆ ಇನ್ನೊಂದು ಹೊರಡುವಂತಿಲ್ಲ. ಎಲ್ಲರೂ ನನ್ನ ಶಾಲೆಯ ಆಟದ ಕೋಣೆ ಸೇರಲು ಎರಡೂವರೆ ಗಂಟೆ ಹಿಡಿಯಿತು. ಕೊನೆಯ ಗುಂಪಿನೊಂದಿಗೆ ನೇಸಾ ಬಂದಳು.

ಹಿಮಕುಸಿತ ಆ ದಿನ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬುಧವಾರ ಹಿಮ ಸುರಿಯುವುದು ಕಡಿಮೆಯಾಯಿತು. ಮಕ್ಕಳು ನೆಲದ ಮೇಲೆ ಮಲಗಿ ಕೆಮ್ಮತೊಡಗಿದರು, ಇಡೀ ಶಾಲೆಗೆ ಎರಡೇ ಶೌಚಾಲಯ, ಪಟ್ಟಣದಿಂದ ಪೋಷಕರ ಫೋನುಗಳು. ಗುರುವಾರ ಮೋಡ ಹರಿದು ಬಿಸಿಲು ಬಂತು, ಜನ ಬೀದಿಗಿಳಿದರು. ರೊಟ್ಟಿ ಅಂಗಡಿಯ ಸಾಲಿನಲ್ಲಿ ನೇಸಾ ನಿಂತಿದ್ದಾಗ ಹಿಂದಿನಿಂದ ಯಾರೋ ಅಂದರು: “ನಿನ್ನ ಫೋಟೋ ಇನ್ನೂ ಬೆಟ್ಟ ಇಳೀಲಿಲ್ವಾ ನೇಸಕ್ಕ?” ಎಲ್ಲರೂ ನಕ್ಕರು. ಹೋಟೆಲಿನವರು ಅವಳನ್ನು ಕಂಡು ಮುಖ ತಿರುಗಿಸಿದರು. ಅವಳು ರೊಟ್ಟಿ ತೆಗೆದುಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬರಲಿ ಎಂದು ಬಯಸುವ ಹಾಗಿಲ್ಲ, ಬಾರದಿದ್ದರೆ ತಾನು ಸುಳ್ಳಿ. ಹೀಗೆ ಸಿಕ್ಕಿಕೊಂಡವರ ಸಂಕಟ ಏನೆಂದು ಆ ವಾರ ಅವಳ ಮುಖದಲ್ಲಿ ನೋಡಿದೆ.

ಶುಕ್ರವಾರ ಮಧ್ಯಾಹ್ನ ಹೆಲಿಕಾಪ್ಟರ್ ಬಂದು ಸ್ತ್ರೆಚಾದ ಹಿಮವನ್ನು ಸಿಡಿಸಿ ಇಳಿಸುವುದು, ಮೂರು ಗಂಟೆಗೆ ಮಕ್ಕಳು ಮನೆಗೆ ಮರಳುವುದು ಎಂದು ಪ್ಲಾಸಿ ತೀರ್ಮಾನಿಸಿದ. ಇನ್ನೊಂದು ದಿನ ತಡೆಯಿರಿ ಎಂದು ಬಾಲ್ಟ್ಸರ್ ಕೇಳಿಕೊಂಡ. ಸಭೆಯಲ್ಲಿ ಅವನ ಮಾತು ನಡೆಯಲಿಲ್ಲ. ಐದು ದಿನದಿಂದ ತಣ್ಣಗಾದ ಮನೆ ಬೆಚ್ಚಗಾಗಲು ಹೊತ್ತು ಬೇಕು. ಒಲೆ ಹೊತ್ತಿಸಿ ಸೂಪಿಗಿಡಲು ಮಾರ್ಗ್ರೆತಾ ಮುಂದಾಗಿ ಹೋಗಲಿ, ಬಯಲಿನ ದಾರಿಗೆ ಅಡ್ಡ ಕಟ್ಟಿದ ಹಗ್ಗದಾಚೆ ಅವಳೊಬ್ಬಳನ್ನು ಬಿಡಿ ಎಂದು ಪ್ಲಾಸಿ ಚೀಟಿ ಬರೆದುಕೊಟ್ಟ.

ಒಂಬತ್ತು ಗಂಟೆಗೆ ಅವಳು ರೊಟ್ಟಿಯ ಚೀಲ ಒಯ್ಯಲು ಶಾಲೆಗೆ ಬಂದಳು. ನೇಸಾ ಮಕ್ಕಳಿಗೆ ಹಾಲು ಬಗ್ಗಿಸುತ್ತಿದ್ದಳು.

“ನೇಸಕ್ಕ, ನಾನು ಹೋಗ್ಲಾ?” ಎಂದು ಕೇಳಿದಳು ಮಾರ್ಗ್ರೆತಾ.

ನೇಸಾ ಹಾಲಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ. “ಅಧ್ಯಕ್ಷರು ಹೇಳಿದ್ದಾರಲ್ಲ,” ಅಂದಳು.

ನಾನು ಅಲ್ಲೇ ಇದ್ದೆ. ಹಿಂದಿನ ದಿನದ ಗೇಲಿ ಅವಳ ಬಾಯಿ ಕಟ್ಟಿತ್ತು ಅನ್ನುವುದು ನನಗೆ ಅರ್ಥವಾಯಿತು. ನನ್ನ ಬಾಯಿಯನ್ನು ಯಾರೂ ಕಟ್ಟಿರಲಿಲ್ಲ.

ಹತ್ತೂ ನಲವತ್ತಕ್ಕೆ ಬಂತು. ಮೊದಲು ಶಾಲೆಯ ಕಿಟಕಿಗಳು ಒಂದಕ್ಕೊಂದು ಹಲ್ಲು ಕಡಿದ ಹಾಗೆ ನಡುಗಿದವು. ಆಮೇಲೆ ಸದ್ದು. ಬೆಟ್ಟದಿಂದ ಬೂದು ಬಣ್ಣದ ಮೋಡವೊಂದು ಎದ್ದು ಬಯಲಿನ ಮೇಲೆ ಮಗುಚಿಕೊಂಡಿತು. ಪುಡಿ ಹಿಮ ಊರಿನ ಬೀದಿಗಳವರೆಗೆ ಹಾರಿ ಬಿತ್ತು. ಅದು ಇಳಿದು ಬಿಸಿಲು ಕಂಡಾಗ ಮನೆಯ ಬೆಟ್ಟದ ಕಡೆಯ ಅರ್ಧ ಇರಲಿಲ್ಲ. ಮಕ್ಕಳು ಮಲಗುತ್ತಿದ್ದದ್ದು ಆ ಅರ್ಧದಲ್ಲಿ. ಅಡುಗೆಮನೆ ಇದ್ದದ್ದೂ ಅಲ್ಲೇ.

ಓಡಬಲ್ಲವರೆಲ್ಲ ಸಲಿಕೆ ಹಿಡಿದು ಓಡಿದರು. ಬಾಲ್ಟ್ಸರ್ ಜನರನ್ನು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಲ್ಲಿಸಿದ. ಉದ್ದನೆಯ ಕೋಲು ಚುಚ್ಚುವುದು, ಎತ್ತುವುದು, ಒಂದು ಹೆಜ್ಜೆ ಮುಂದಿಡುವುದು. ಯಾರೂ ಮಾತಾಡುವಂತಿಲ್ಲ, ಕೆಳಗಿನಿಂದ ಕೂಗು ಬಂದರೆ ಕೇಳಬೇಕು. ಕಲ್ಲಿನಂತೆ ಗಟ್ಟಿಯಾದ ಹಿಮ. ಪ್ಲಾಸಿ ಕೈಗವಸು ಹರಿದುಹೋದ ಮೇಲೂ ಬರಿಗೈಯಲ್ಲಿ ಬಗೆಯುತ್ತಿದ್ದ.

ನೇಸಾ ಬಂದಾಗ ಅವಳ ಕೊರಳಲ್ಲಿ ಕ್ಯಾಮೆರಾ ಇತ್ತು. ಹಿಮದ ರಾಶಿಯ ತುದಿಯಲ್ಲಿ ಒಂದು ಸಲ, ಮುರಿದ ಗೋಡೆಯ ಬಳಿ ಒಂದು ಸಲ, ಇಗರ್ಜಿಯ ಕಡೆಯಿಂದ ಒಂದು ಸಲ ನಿಂತು ಚಿತ್ರ ತೆಗೆದಳು. ಇಗರ್ಜಿಗೆ ನಲವತ್ತು ಹೆಜ್ಜೆ ಈಚೆಗೆ ಹಿಮ ನಿಂತಿತ್ತು. ಯಾವಳೋ ಹೆಂಗಸು ಇವಳಿಗೆ ನಾಚಿಕೆಯಾಗಲ್ವಾ ಅಂದಳು. ಪ್ಲಾಸಿ ತಲೆಯೆತ್ತಿ, “ಅದನ್ನ ಕೆಳಗಿಡು ದೊಡ್ಡಮ್ಮ,” ಅಂದ. ಅವನ ದನಿ ಒಡೆದಿತ್ತು.

“ಇಡಲ್ಲ,” ಅಂದಳು ಅವಳು. ಎಂಟೇ ನಿಮಿಷ. ತೆಗೆಯಬೇಕಾದ್ದನ್ನೆಲ್ಲ ತೆಗೆದು, ಕ್ಯಾಮೆರಾ ನನ್ನ ಕೊರಳಿಗೆ ಹಾಕಿ, ಕೋಲು ಹಿಡಿದು ಸಾಲಿನಲ್ಲಿ ನಿಂತಳು.

ಒಂದೂಕಾಲಿಗೆ ಕೋಲೊಂದು ಟೊಳ್ಳಿಗೆ ಹೋಯಿತು. ಅಡುಗೆ ಸಾಮಾನು ಇಡುವ ಕಾಂಕ್ರೀಟು ಕೋಣೆ ಒಂದು ಮೂಲೆಯಲ್ಲಿ ಉಳಿದುಕೊಂಡಿತ್ತು. ರೊಟ್ಟಿ ಇಡಲು ಮಾರ್ಗ್ರೆತಾ ಆ ಗಳಿಗೆಯಲ್ಲಿ ಅಲ್ಲಿಗೆ ಹೋಗಿದ್ದಳು. ಹೊರತೆಗೆದಾಗ ಅವಳಿಗೆ ಪ್ರಜ್ಞೆ ಇತ್ತು. ಬಲತೋಳು ತೊಲೆಯಡಿ ಸಿಕ್ಕಿ ಮುರಿದಿತ್ತು. ಆ ಕೈಯ ಎರಡು ಬೆರಳನ್ನು ಆಮೇಲೆ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು. ಮಧ್ಯಾಹ್ನ ಸಿಡಿಮದ್ದು ತಂದ ಹೆಲಿಕಾಪ್ಟರಿನಲ್ಲೇ ಅವಳನ್ನು ಕರೆದೊಯ್ದರು.

ಏಪ್ರಿಲಿನಲ್ಲಿ ಊರಿನ ಸಭೆ ನಡೆಯಿತು. ನಕ್ಷೆಯವರು ಬಂದಿದ್ದರು. ೧೯೪೫ರ ಚಿತ್ರವನ್ನೂ ಫೆಬ್ರವರಿಯ ಚಿತ್ರಗಳನ್ನೂ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ನೇಸಾಳನ್ನು ಯಾರೂ ಮಾತಾಡಲು ಕರೆದಿರಲಿಲ್ಲ. ತಾನೇ ಎದ್ದು ಹೋಗಿ, ಎಪ್ಪತ್ನಾಲ್ಕರಲ್ಲಿ ಎಂಜಿನಿಯರು ಕೇಳಿದಾಗ ಈ ಚಿತ್ರವನ್ನು ಬಚ್ಚಿಟ್ಟವಳು ತಾನು, ಅಪ್ಪನಲ್ಲ, ಹೋಟೆಲಿನವರಲ್ಲ ಎಂದು ಹೇಳಿದಳು.  ಕೆಲವರು ಆಮೇಲೆ ಅವಳನ್ನು ಮಾತಾಡಿಸುವುದು ಬಿಟ್ಟರು. ಅವರಲ್ಲಿ ಹೆಚ್ಚಿನವರು ತಾವೂ ಆ ದಿಬ್ಬದ ಮೇಲೆ ಸಲಿಕೆ ಹಿಡಿದು ನಿಂತವರ ಮಕ್ಕಳೇ. ಪ್ಲಾಸಿ ತನ್ನ ಚೀಟಿಯ ಮಾತನ್ನು ಎದ್ದು ಒಪ್ಪಿಕೊಂಡ; ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಪುಸ್ತಕದ ಉಳಿದ ಪ್ರತಿಗಳು ಪಂಚಾಯಿತಿಯ ನೆಲಮಾಳಿಗೆಯಲ್ಲಿವೆ. ಬಯಲಿಗೆ ನಕ್ಷೆಯಲ್ಲಿ ಕೆಂಪು ಬಣ್ಣ ಬಿತ್ತು.

ಮಾರ್ಗ್ರೆತಾ ಬೇಸಿಗೆಯಲ್ಲಿ ನೇಸಾಳ ಮನೆಗೆ ಬಂದಳು. ನಾನು ಹಿತ್ತಲಲ್ಲಿ ಕೂತಿದ್ದೆ. ಅವಳು ಕೂಗಾಡಲಿಲ್ಲ. ಆ ಬೆಳಿಗ್ಗೆ ಹೋಗಬೇಡ ಅಂತ ಒಂದೇ ಮಾತು ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದಳು. ನೇಸಾ “ಮತ್ತೆ ನಗ್ತಾರೆ ಅಂತ ಹೆದರಿದೆ,” ಅಂದಳು. ಮಾರ್ಗ್ರೆತಾ ಎದ್ದು ಹೋದಳು. ಆಮೇಲೆ ಅವರಿಬ್ಬರೂ ಬೀದಿಯಲ್ಲಿ ಸಿಕ್ಕರೆ ಮಾತಾಡುತ್ತಿದ್ದರು, ಆದರೆ ಒಬ್ಬರ ಮನೆಗೆ ಒಬ್ಬರು ಹೋದದ್ದು ನಾನು ಕಾಣೆ.

ಪ್ಲಾಸಿ ಎರಡು ವರ್ಷ ದೊಡ್ಡಮ್ಮನ ಕಡೆ ತಲೆಹಾಕಲಿಲ್ಲ. ಮೂರನೆಯ ಚಳಿಗಾಲದಲ್ಲಿ ಒಂದು ಶನಿವಾರ ಹೇಳದೆ ಕೇಳದೆ ಏಣಿ ಹಾಕಿ ಅವಳ ಮನೆಯ ಮಾಡಿನ ಹಿಮ ತಳ್ಳತೊಡಗಿದ. ಅವಳು ಒಳಗಿನಿಂದ ಸದ್ದು ಕೇಳಿ ಹೊರಬಂದು ನೋಡಿ, ಮತ್ತೆ ಒಳಗೆ ಹೋದಳು. ಕೆಲಸ ಮುಗಿಸಿ ಇಳಿದವನು ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಾ ಕೇಳಿದ:

“ಬಾರ್ಲಿ ಸೂಪ್ ಇದೆಯಾ, ದೊಡ್ಡಮ್ಮ?”

“ನಿನ್ನೆ ಮಾಡಿದ್ದಿದೆ. ಬಿಸಿ ಮಾಡ್ಬೇಕು,” ಅಂದಳು ಅವಳು.

ಅವನು ಕಾದು ಕುಳಿತ.